ನಲವತ್ತಮೂರು ಜೋಡಿ ಕಾಲು

ಮಹಮೂದಾ ಬೇಗಂ ಅವರ ಬಗ್ಗೆ ಬರೆದುಕೊಡಿ ಎಂದು ಕೇಳಿದವರೆಲ್ಲ ಅವರ ನಿವೃತ್ತಿಯ ದಿನ ಬೀದರಿನಲ್ಲಿ ನಡೆದ ಸನ್ಮಾನವನ್ನು ಬರೆಯಲಿ, ಹೊದಿಸಿದ ಶಾಲು, ಹಾಕಿದ ಹಾರ, ಮಾಡಿದ ಭಾಷಣಗಳನ್ನು ಬರೆಯಲಿ ಎಂದು ಬಯಸುತ್ತಾರೆ. ಶಾಲಿನಲ್ಲಿ ಏನಿದೆ? ನನಗೂ ಹೊದಿಸಿದ್ದರು. ಮೂವತ್ತು ವರ್ಷ ಬಿಡದೆ ಸಂಬಳ ತೆಗೆದುಕೊಂಡವರಿಗೆಲ್ಲ ಹೊದಿಸುತ್ತಾರೆ. ನಾನು ಬರೆಯುವುದು ಬೇರೆ ಸಂಗತಿ. 1957ರ ಬೇಸಗೆಯಿಂದ 1958ರ ಬೇಸಗೆಯವರೆಗೆ ಆ ಹೆಣ್ಣುಮಗಳು ತನ್ನ ನೌಕರಿಯನ್ನು ನಲವತ್ತಮೂರು ಮಕ್ಕಳ ಕಾಲಿನ ಮೇಲೆ ಪಣಕ್ಕಿಟ್ಟ ಸಂಗತಿ. ಆ ವರ್ಷವೆಲ್ಲ ನಾನು ಎದುರಿನ ಪಕ್ಷದಲ್ಲಿದ್ದೆ. ಅದನ್ನೂ ಬರೆಯುತ್ತೇನೆ. ಮುಚ್ಚಿಟ್ಟು ಇನ್ನು ನನಗೆ ಆಗಬೇಕಾದದ್ದೇನೂ ಇಲ್ಲ.

ಊರು ಔರಾದ ತಾಲೂಕಿನದು. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಮೊಮ್ಮಕ್ಕಳು ಮನೆಗೆ ಬಂದು ಜಗಳ ತೆಗೆಯುತ್ತಾರೆ, ಆ ಊರಿನವರ ಜಗಳ ತಡೆಯುವ ಶಕ್ತಿ ಈಗ ನನಗಿಲ್ಲ. ಕರಿಮಣ್ಣಿನ ಊರು, ಜೋಳ ಮತ್ತು ಉದ್ದು ಬೆಳೆಯುವ ಊರು. ಸಾಲೆ ಎಂದರೆ ಧೊಂಡಿಬಾ ಪಾಟೀಲರ ಹಳೆಯ ಪಡಸಾಲೆ. ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಅಲ್ಲಿಯೇ. ನಾನು, ದತ್ತಾತ್ರಿ, ಅಲ್ಲಿಯ ಮಾಸ್ತರ. ಭಾಲ್ಕಿಯವನು, ಇಪ್ಪತ್ತಾರು ವಯಸ್ಸು, ತಲೆತುಂಬ ಜಂಬ.

1956ರ ನವೆಂಬರಿನಲ್ಲಿ ನಾವು ಹೈದರಾಬಾದ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದೆವು. ಊರಿನವರು ಎತ್ತು ಕೊಳ್ಳಲು ಹೋಗುತ್ತಿದ್ದ ಉದಗೀರ ಮುಂಬೈ ರಾಜ್ಯಕ್ಕೆ ಹೋಯಿತು. ನಮಗೆ ಹೊಸ ಕನ್ನಡ ಪುಸ್ತಕಗಳು ಬಂದವು. ಹಳೆಯ ಸರಕಾರದಲ್ಲಿ ಉರ್ದುವಿನಲ್ಲಿ ತರಬೇತಿ ಪಡೆದು ಇನ್ನೂ ಕಾಯಂ ಆಗದ ಮಾಸ್ತರರು ಮಾತ್ರ ತೂಗುಯ್ಯಾಲೆಯಲ್ಲಿದ್ದರು. ಊರಿನಿಂದ ಒಂದು ದೂರು ಹೋದರೆ ಸಾಕು, ಮನೆಗೆ ಕಳಿಸುತ್ತಾರೆ ಎಂಬ ಮಾತಿತ್ತು. ಅಂಥವರಲ್ಲಿ ಒಬ್ಬರು 1957ರ ಜನವರಿಯಲ್ಲಿ ಒಂದು ಟ್ರಂಕು, ಒಂದು ಕೋಳಿಬುಟ್ಟಿ ಮತ್ತು ಮುದುಕಿ ತಾಯಿಯ ಜೊತೆ ಔರಾದದಿಂದ ಬಂಡಿಯಲ್ಲಿ ಬಂದಿಳಿದರು. ಅವರೇ ಮಹಮೂದಾ ಬೇಗಂ.

ಹುಟ್ಟಿದ್ದು ಬೀದರಿನಲ್ಲಿ. ತಂದೆ ಅಬ್ದುಲ ಗಫೂರ ಚೌಬಾರದ ಹತ್ತಿರ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಗಳು ಅವರ ಪಕ್ಕದಲ್ಲಿ ಕುಳಿತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಕ್ರಗಳನ್ನು ನೋಡುತ್ತ ಬೆಳೆದಳು. ಹದಿನೇಳಕ್ಕೆ ಮದುವೆ, ಹತ್ತೊಂಬತ್ತಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ತಂದೆ ಅಳುತ್ತ ಕೂರಲಿಲ್ಲ, ಮಗಳನ್ನು ಮಾಸ್ತರಿಕೆ ಕಲಿಯಲು ಹೈದರಾಬಾದಿಗೆ ಕಳಿಸಿದರು. ಕನ್ನಡ ಮಾತು ಬೀದಿಯಲ್ಲೇ ಬಂದಿತ್ತು. ಅಕ್ಷರಗಳನ್ನು ಆಕೆ ಇಪ್ಪತ್ತೈದು ದಾಟಿದ ಮೇಲೆ ಒಬ್ಬರೇ ಕುಳಿತು ಕಲಿತರು. ಈಗ ತಂದೆಯ ಕಣ್ಣು ಮಂಜಾಗಿ ಅಂಗಡಿ ಮುಚ್ಚಿತ್ತು. ಆ ಭೂತಗನ್ನಡಿ ಮಗಳ ಟ್ರಂಕಿನಲ್ಲಿತ್ತು, ಮನೆಯವರೆಲ್ಲರ ಊಟ ಮಗಳ ಸಂಬಳದಲ್ಲಿತ್ತು.

ಕನ್ನಡ ಸಾಲೆಗೆ ಉರ್ದು ಉಸ್ತಾನಿ! ನನಗೆ ಮೈಯೆಲ್ಲ ಉರಿಯಿತು. ನನಗೆ ಬೇಡವಾಗಿದ್ದ ವಿಜ್ಞಾನದ ತಾಸನ್ನು ಅವರ ತಲೆಗೆ ಕಟ್ಟಿದೆ. ಕಟ್ಟುವಾಗ ಉಪದೇಶವನ್ನೂ ಮಾಡಿದೆ.

"ವಿಜ್ಞಾನ ಕಲಸೂದು ಭಾಳ ಸರಳ ಅದರಿ ಅಕ್ಕೋರ. ಪುಸ್ತಕದಾಗ ಇದ್ದದ್ದು ಮೂರು ಸಲ ಒದರಸ್ರಿ, ಬಾಯಿಪಾಠ ಆಗ್ತದ."

ಹೆಣ್ಣು ಮಾಸ್ತರರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅವರು ಹೂಂ ಎಂದರು. ಆಮೇಲೆ ತಮಗೆ ತಿಳಿದಂತೆ ಮಾಡಿದರು.

ಇಲ್ಲಿ ನಾರಿನ ವಿಷಯ ಹೇಳಬೇಕು, ಏಕೆಂದರೆ ಈಗಿನವರು ಅದನ್ನು ಕಂಡಿಲ್ಲ. ಬೇಸಗೆ ಬಂತೆಂದರೆ ಕಾಲಿನ ಹರಡಿನ ಹತ್ತಿರ ಒಂದು ಬೊಬ್ಬೆ ಏಳುತ್ತಿತ್ತು. ಕೆಂಡ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದರೆ ಒಳಗಿಂದ ಬಿಳಿಯ ದಾರದಂಥ ಹುಳದ ತುದಿ ಹೊರಗೆ ಬರುತ್ತಿತ್ತು. ಅದೇ ನಾರು. ಎಳೆಯುವಂತಿಲ್ಲ, ತುಂಡಾಗಿ ಒಳಗೆ ಉಳಿದರೆ ಕಾಲು ಕೀವು ತುಂಬುತ್ತಿತ್ತು. ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಸುತ್ತುತ್ತ ವಾರಗಟ್ಟಲೆ ಬಿದ್ದುಕೊಂಡಿರಬೇಕು. ಊರಿನಲ್ಲಿ ಯಾರೂ ಅದನ್ನು ರೋಗವೆಂದು ಎಣಿಸುತ್ತಿರಲಿಲ್ಲ. ಬೇಸಗೆಗೆ ಮಾವಿನಹಣ್ಣು ಬಂದಂತೆ ನಾರು ಬರುತ್ತದೆ, ಮಳೆ ಬಿದ್ದರೆ ಹೋಗುತ್ತದೆ ಎನ್ನುತ್ತಿದ್ದರು.

ಕುಡಿಯುವ ನೀರಿಗೆ ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ಪಾಟೀಲರ ಮುತ್ತಜ್ಜ ಕಟ್ಟಿಸಿದ್ದು. ಬೇಸಗೆಯಲ್ಲಿ ನೀರು ಕೆಳಗಿಳಿದಾಗ ಹೆಂಗಸರು ಮೊಣಕಾಲಮಟ ನೀರಿನಲ್ಲಿ ಇಳಿದು ಕೊಡ ಮುಳುಗಿಸುತ್ತಿದ್ದರು. ನಾರಿನ ಉರಿಗೆ ತಣ್ಣೀರು ಹಿತ. ಹಾಗಾಗಿ ನಾರು ಬಂದವರೇ ಎಲ್ಲರಿಗಿಂತ ಹೆಚ್ಚು ಹೊತ್ತು ನೀರಿನಲ್ಲಿ ಕಾಲಿಟ್ಟು ನಿಲ್ಲುತ್ತಿದ್ದರು. ಆಚೆ ಕೇರಿಯವರು ಮಾತ್ರ ಇಳಿಯುವಂತಿರಲಿಲ್ಲ. ಮೇಲಿನ ಮೆಟ್ಟಿಲ ಹತ್ತಿರ ಕೊಡ ಇಟ್ಟುಕೊಂಡು ಯಾರಾದರೂ ಸುರಿಯಲಿ ಎಂದು ಕಾಯಬೇಕಿತ್ತು. ಆ ಚಳಿಗಾಲದಲ್ಲಿ ಅವರು ಬೌದ್ಧರಾದರು, ಆದರೂ ಬಾವಿಯ ಹತ್ತಿರ ಏನೂ ಬದಲಾಗಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ನಾರಿನಿಂದ ಆರು ಮಕ್ಕಳು ಸಾಲೆ ತಪ್ಪಿಸಿದ್ದರು. ಮುಂದೆ ಆ ಬೇಸಗೆಯಲ್ಲಿ ನಲವತ್ತಮೂರರಲ್ಲಿ ಹದಿನೇಳು ಮಂದಿ ಮಲಗಿದರು. ಹೊಸ ಪುಸ್ತಕದಲ್ಲಿ ನೀರಿನ ಪಾಠ ಬಂದದ್ದು ಆ ಶಿವರಾತ್ರಿಯ ಹೊತ್ತಿಗೇ. ನಾನು ಪಕ್ಕದ ಮೂಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. "ನೀರಿಗೆ ಬಣ್ಣವಿಲ್ಲ, ನೀರಿಗೆ ವಾಸನೆಯಿಲ್ಲ" ಎಂದು ಮಕ್ಕಳು ಒದರಿದರು. ಅಕ್ಕೋರು ಒಂದು ಗಾಜಿನ ಲೋಟದಲ್ಲಿ ಬಾವಿಯ ನೀರು ತುಂಬಿ ಕಿಟಕಿಯ ಬೆಳಕಿಗೆ ಇಟ್ಟರು.

"ಪುಸ್ತಕ ಹೇಳೂದು ಕೇಳಿದ್ರಿ. ಈಗ ನೂರು ಎಣಿಸೂತನ ಸುಮ್ಮ ನೋಡ್ರಿ. ಏನು ಕಾಣ್ತದ ಅದನ್ನ ಹೇಳ್ರಿ. ಕಾಣಲಿಲ್ಲಂದ್ರ ಕಾಣಲಿಲ್ಲ ಅನ್ರಿ."

ಮೊದಲು ಹೇಳಿದವಳು ಪಾಟೀಲರ ಮೊಮ್ಮಗಳು ಕೌಸಲ್ಯಾ. ಎಂಟು ವರ್ಷದವಳು.

"ಅಕ್ಕೋರ, ಒಂದು ಬಿಳಿ ಚುಕ್ಕಿ ಜಿಗೀಲಕತ್ತದರಿ!"

ಭೂತಗನ್ನಡಿ ಹೊರಗೆ ಬಂತು. ಮಕ್ಕಳು ಒಬ್ಬರ ಮೇಲೆ ಒಬ್ಬರು ಬಿದ್ದರು. ಸಾಸಿವೆಗಿಂತ ಸಣ್ಣ ಹುಳ, ಕುಪ್ಪಳಿಸಿ ಕುಪ್ಪಳಿಸಿ ಈಜುತ್ತಿತ್ತು. ನನ್ನ ಮಗ್ಗಿಯವರೂ ಎದ್ದು ಓಡಿದರು. ನಾನು ಬೆತ್ತ ಹಿಡಿದು ಒಬ್ಬನೇ ಉಳಿದೆ.

ಅಕ್ಕೋರು ನೆಲದ ಮೇಲೆ ಸುಣ್ಣದಿಂದ ಒಂದು ದೊಡ್ಡ ಬಳೆ ಬರೆದರು. ಬಳೆಯ ಮೇಲೆ ನಾಲ್ಕು ಮಕ್ಕಳನ್ನು ನಿಲ್ಲಿಸಿದರು. ಒಬ್ಬ ನಾರು ಬಂದ ಕಾಲು, ಒಬ್ಬಳು ಬಾವಿ, ಒಬ್ಬ ನೀರುಹುಳ, ಒಬ್ಬಳು ಗಂಟಲು. ಕಾಲು ಬಾವಿಯಲ್ಲಿ ಇಳಿದರೆ ನಾರು ಕಣ್ಣಿಗೆ ಕಾಣದ ಮರಿ ಹಾಕುತ್ತದೆ, ಮರಿಯನ್ನು ನೀರುಹುಳ ನುಂಗುತ್ತದೆ, ನೀರುಹುಳವನ್ನು ನಾವು ನುಂಗುತ್ತೇವೆ, ಹೊಟ್ಟೆಯಲ್ಲಿ ಒಂದು ವರ್ಷ ಬೆಳೆದು ಅದು ಮತ್ತೆ ಕಾಲಿಗೆ ಬರುತ್ತದೆ. ಹೇಳಿ ಮುಗಿಸಿ ಕೇಳಿದರು:

"ಈ ಬಳಿ ಎಲ್ಲಿ ಮುರೀತೀರಿ?"

ಒಬ್ಬ ಕಾಲಿನ ಹತ್ತಿರ ಎಂದ. ಆಚೆ ಕೇರಿಯ ಮೀರಾ, ಎಲುಬಿನ ಹಂದರದಂಥ ಹುಡುಗಿ, ಎಲ್ಲರ ಹಿಂದಿನಿಂದ ಹೇಳಿದಳು. "ಕಾಲು ಮಂದೀದು ಅವರಿ, ನಮ್ಮ ಮಾತು ಕೇಳೂದಿಲ್ಲ. ಗಂಟಲು ನಮ್ದು ಅದ. ಅಲ್ಲೇ ಮುರೀಬೇಕು. ನೀರು ಸೋಸಬೇಕು."

ಅಕ್ಕೋರು ಆ ಹುಡುಗಿಯ ತಲೆ ಹಿಡಿದು ಅಲುಗಾಡಿಸಿದರು. ಅವರ ಶಾಭಾಸ್‌ಗಿರಿ ಹಾಗಿತ್ತು.

ಮರುದಿನವೇ ಪಾಟೀಲರು ಬಂದರು. ರಾತ್ರಿ ಕೌಸಲ್ಯಾ ಮನೆಯಲ್ಲಿ ನೀರು ಮುಟ್ಟಲೊಲ್ಲೆ ಎಂದು ರಂಪ ಮಾಡಿದ್ದಳಂತೆ.

"ಅಕ್ಕೋರ, ನಮ್ಮ ಮುತ್ತ್ಯಾ ಕಟ್ಟಿಸಿದ ಬಾವ್ಯಾಗ ಹುಳ ಅವ ಅಂತ ಹೇಳೀರಂತಲ್ಲ?"

"ನಾ ಹೇಳಿಲ್ರಿ ಪಾಟೀಲರ. ಮಕ್ಕಳು ನೋಡ್ಯಾರ. ತಗೋರಿ, ನೀವು ಬಿ ನೋಡ್ರಿ."

"ಹುಳ ನಿಮ್ಮ ಗಾಜಿನ್ಯಾಗ ಅವ. ನಮ್ಮ ನೀರಿನ್ಯಾಗ ಇಲ್ಲ."

ನಾನು ಸುಮ್ಮನಿರಬಹುದಿತ್ತು. "ಪುಸ್ತಕದಾಗ ಬಿ ಹುಳದ ಸುದ್ದಿ ಇಲ್ಲರಿ ಪಾಟೀಲರ" ಎಂದು ಬೆಣ್ಣೆ ಹಚ್ಚಿದೆ. ಇವತ್ತಿಗೂ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಪಾಟೀಲರ ಮಾತು ಸ್ಪಷ್ಟವಾಗಿತ್ತು. ಈ ಪಾಠ ನಿಲ್ಲಬೇಕು. ನಿಲ್ಲದಿದ್ದರೆ ಪಡಸಾಲೆಗೆ ಬೀಗ, ತಾಲೂಕು ಕಚೇರಿಗೆ ಅರ್ಜಿ. ಅಕ್ಕೋರು ಭೂತಗನ್ನಡಿಯನ್ನು ಕೆಳಗಿಟ್ಟರು.

"ಪಾಟೀಲರ, ಒಂದು ವರ್ಷ ಕೊಡ್ರಿ. ಈ ಬ್ಯಾಸಗಿ ಹಿಡೀಬ್ಯಾಡ್ರಿ, ಹೊಟ್ಟ್ಯಾಗ ಹೋಗಿದ್ದು ಹೊರಗ ಬಂದೇ ಬರ್ತದ. ಬರೂ ವರ್ಷದ ಯುಗಾದಿಯಿಂದ ಮಳಿ ಬೀಳೂತನ ಈ ನಲವತ್ತಮೂರು ಮಕ್ಕಳೊಳಗ ಒಂದಕ್ಕ ನಾರು ಬಂದ್ರ ನಾನೇ ರಾಜೀನಾಮಿ ಬರದು ನಿಮ್ಮ ಕೈಯಾಗ ಕೊಡ್ತೇನಿ. ಅಲ್ಲೀತನ ಮಕ್ಕಳು ಸೋಸಿ ಕುಡೀಲಿ, ಯಾರೂ ತಡೀಬ್ಯಾಡ್ರಿ."

"ಒಂದಕ್ಕ ಬಿ ಬರಬಾರದು?"

"ಒಂದಕ್ಕ ಬಿ ಬರಬಾರದು."

ಪಾಟೀಲರು ನಕ್ಕರು, ಆಗಲಿ ಎಂದರು. ಆ ಊರಿನಲ್ಲಿ ಎರಡು ಬೇಸಗೆ ಕಂಡವರು ಯಾರಾದರೂ ನಗುತ್ತಿದ್ದರು. ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ತಲಿ ಕೆಟ್ಟದೇನ್ರಿ ಅಕ್ಕೋರ? ಮೂರೋ ನಾಕೋ ಅನ್ನಬೇಕಿತ್ತು."

"ಆ ಮೂರು ಮಕ್ಕಳು ಯಾರ್ಯಾರು ಅಂತ ಆರಿಸಿ ಕೊಡ್ರಿ ಮಾಸ್ತರ, ಅವರಿಗಿ ಬಿಟ್ಟು ಬಿಡ್ತೇನಿ."

ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಅವತ್ತು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ, ನಾನಂತೂ ಸೋಸದ ನೀರನ್ನೇ ಕುಡಿಯುವವನು.

ಹಳೆಯ ಸೀರೆ, ಹಳೆಯ ಧೋತರ ತಂದು ಮಕ್ಕಳು ತುಂಡು ಮಾಡಿದರು. ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟುವುದನ್ನು ಕಲಿತರು. ಮೂರು ವಾರ ಎಲ್ಲ ಚೆನ್ನಾಗಿ ನಡೆಯಿತು ಎಂದುಕೊಂಡೆವು. ಒಂದು ಮುಂಜಾನೆ ಅಕ್ಕೋರು ಬಾವಿಯ ಕಡೆ ಹೋದರು. ಹೋದವರು ಮೆಟ್ಟಿಲ ಮೇಲೆಯೇ ತಲೆಗೆ ಕೈ ಹಚ್ಚಿ ಕುಳಿತರು.

ಹುಡುಗಿಯರು ನೀರು ಸೋಸುತ್ತಿದ್ದರು, ಸೋಸಿದ ಬಟ್ಟೆಯನ್ನು ಬಾವಿಯಲ್ಲೇ ಜಾಲಿಸುತ್ತಿದ್ದರು, ಹಿಂಡಿದ ನೀರನ್ನೂ ಬಾವಿಗೇ ಬಿಡುತ್ತಿದ್ದರು. ಆ ಊರಿನಲ್ಲಿ ಹುಟ್ಟಿದವರು ಇನ್ನೇನು ಮಾಡುತ್ತಾರೆ? ಬೇಸಗೆಯಲ್ಲಿ ಒಂದು ಬೊಗಸೆ ನೀರನ್ನು ನೆಲಕ್ಕೆ ಚೆಲ್ಲಿದರೆ ಅಜ್ಜಿಯರು ಬೆನ್ನಿಗೆ ಗುದ್ದುತ್ತಿದ್ದರು. ನೀರು ಬಾವಿಯದು, ಉಳಿದದ್ದು ಬಾವಿಗೇ ಸೇರಬೇಕು ಎಂಬುದು ಅಲ್ಲಿಯ ರೂಢಿ. ಸೆರೆಸಿಕ್ಕ ಹುಳಗಳೆಲ್ಲ ಸಂತೋಷದಿಂದ ಮನೆಗೆ ಮರಳುತ್ತಿದ್ದವು. ಅಷ್ಟೇ ಅಲ್ಲ, ಮರುದಿನ ಅದೇ ಬಟ್ಟೆಯನ್ನು ಮಗುಚಿ ಕಟ್ಟಿದರೆ, ಅಂಟಿಕೊಂಡು ಉಳಿದ ಹುಳ ನೇರವಾಗಿ ಕೊಡಕ್ಕೇ ಬೀಳುತ್ತಿತ್ತು.

"ತಪ್ಪು ನಂದು" ಎಂದರು ಅಕ್ಕೋರು. "ಸೋಸೂದು ಕಲಸಿದೆ. ಸೋಸಿದ್ದು ಎಲ್ಲಿ ಹಾಕಬೇಕು ಅಂತ ಕಲಸಲಿಲ್ಲ."

ಅವತ್ತಿನಿಂದ ಪ್ರತಿ ಬಟ್ಟೆಯ ಮೇಲ್ಮೈಗೆ ಒಂದು ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಬಿತ್ತು. ಕೆಂಪು ಯಾವಾಗಲೂ ಮೇಲೆ. ಜಾಲಿಸುವುದು ಬಾವಿಯಿಂದ ದೂರ, ಕಾದ ಬಂಡೆಯ ಮೇಲೆ. ಚೆಲ್ಲಿದ ನೀರಿಗೆ ಅಜ್ಜಿಯರು ಬೈದರೆ ಬೈಸಿಕೊಳ್ಳಬೇಕು. ಆದರೆ ಆ ಮೂರು ವಾರದಲ್ಲಿ ಯಾರ ಹೊಟ್ಟೆಯಲ್ಲಿ ಏನು ಹೋಗಿದೆಯೋ ಯಾರಿಗೆ ಗೊತ್ತು? ಅಕ್ಕೋರು ಮುಂದಿನ ಹನ್ನೊಂದು ತಿಂಗಳು ಆ ಮೂರು ವಾರವನ್ನು ಎದೆಯಲ್ಲಿ ಹೊತ್ತುಕೊಂಡು ತಿರುಗಿದರು.

ಮಳೆ ಬಂತು, ರಾಶಿ ಆಯಿತು, ಚಳಿ ಬಂತು. ಪ್ರತಿ ಶನಿವಾರ ಅವರು ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ನಲವತ್ತಮೂರು ಜೋಡಿ ಕಾಲುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಪಾಟೀಲರ ಮೊಮ್ಮಗಳ ಕಾಲೂ ಅಲ್ಲೇ, ಮೀರಾಳ ಕಾಲೂ ಅಲ್ಲೇ.

"ಇದು ಸಾಲಿನೋ ಚಪ್ಪಲಿ ಅಂಗಡೀನೋ ಅಕ್ಕೋರ?" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

"ನಿಮ್ಮ ಕಾಲು ಬಿ ತರ್ರಿ ಮಾಸ್ತರ, ಅಳತಿ ತಗೋತೇನಿ" ಎನ್ನುತ್ತಿದ್ದರು.

ಯುಗಾದಿ ಬಂತು. ಊರಿನಲ್ಲಿ ನಾರು ಎದ್ದಿತು. ಮೊದಲ ವಾರ ಹನ್ನೆರಡು ಮಂದಿ, ಎರಡನೆಯ ವಾರದ ಹೊತ್ತಿಗೆ ಒಟ್ಟು ಇಪ್ಪತ್ತು. ಎಲ್ಲರೂ ದೊಡ್ಡವರು. ಇಪ್ಪತ್ತೊಂದನೆಯವನು ನಾನು, ಎಡಗಾಲು. ಮಕ್ಕಳು ಸಾಲುಗಟ್ಟಿ ನನ್ನನ್ನು ನೋಡಲು ಬಂದರು. ಕನಿಕರ ಅಷ್ಟಕ್ಕಷ್ಟೇ, ಕುತೂಹಲವೇ ಹೆಚ್ಚು. ಮೀರಾ ನನ್ನ ಬೊಬ್ಬೆಯನ್ನು ಹತ್ತಿರದಿಂದ ನೋಡಿ, "ಮಾಸ್ತರ, ನೀವು ಸೋಸಿ ಕುಡೀತಿರಲಿಲ್ಲ ಹೌದಿಲ್ರಿ?" ಎಂದು ಕೇಳಿದಳು. ಹೌದು ಎಂದೆ. ಅವಳಿಗೆ ಬಹಳ ಸಮಾಧಾನವಾಯಿತು.

ನಾಲ್ಕು ಶನಿವಾರ ಕಳೆದವು. ನಲವತ್ತಮೂರರಲ್ಲಿ ಒಂದು ಮಗುವಿಗೂ ಇಲ್ಲ. ಕಾಲಿಗೆ ಕಡ್ಡಿ ಕಟ್ಟಿಕೊಂಡು ಮಲಗಿದ್ದ ನಾನು ಶನಿವಾರ ಬಂತೆಂದರೆ ಸುದ್ದಿಗೆ ಕಾಯತೊಡಗಿದೆ. ಯಾವ ಪಕ್ಷದಲ್ಲಿದ್ದೇನೆ ಎಂಬುದು ನನಗೇ ಮರೆತುಹೋಗಿತ್ತು.

ಐದನೆಯ ಶನಿವಾರ ಕೌಸಲ್ಯಾ ಒಂದೇ ಕಾಲು ಮುಂದೆ ಚಾಚಿದಳು. ಇನ್ನೊಂದನ್ನು ಲಂಗದ ಕೆಳಗೆ ಎಳೆದುಕೊಂಡಳು. ಅಕ್ಕೋರು ಲಂಗ ಸರಿಸಿದರು. ಹರಡಿನ ಮೇಲೆ ಬೊಬ್ಬೆ ಇತ್ತು. ಹುಡುಗಿ ಅಳತೊಡಗಿದಳು.

"ನಾ ಒಂದು ದಿನ ಬಿ ತಪ್ಪಿಸಿಲ್ರಿ ಅಕ್ಕೋರ. ಕೆಂಪು ಮ್ಯಾಲೇ ಇಟ್ಟೀನ್ರಿ."

ಆ ಸಂಜೆ ಅಕ್ಕೋರು ರಾಜೀನಾಮೆ ಬರೆದರು. ತಾಯಿ ಫಕ್ರುನ್ನಿಸಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕೋಲೂರಿಕೊಂಡು ಅವರ ಅಂಗಳಕ್ಕೆ ಹೋದೆ.

"ಕೊಡಬ್ಯಾಡ್ರಿ ಅಕ್ಕೋರ. ಹೋದ ವರ್ಷ ಹದಿನೇಳು, ಈ ವರ್ಷ ಒಂದೇ ಒಂದು. ಇದು ಸೋಲೇನ್ರಿ?"

"ಒಂದಕ್ಕ ಬಿ ಬರಬಾರದು ಅಂತ ನಾನೇ ಅಂದೀನಲ್ರಿ. ನಾಳೆ ಮಕ್ಕಳಿಗಿ ಮಾತು ಉಳಿಸ್ಕೋಬೇಕು ಅಂತ ಹ್ಯಾಂಗ ಹೇಳ್ಲಿ?"

ಸೋಮವಾರ ಅವರು ಮಕ್ಕಳ ಮುಂದೆ ಎಲ್ಲವನ್ನೂ ಹೇಳಿದರು. ಪಣ ಹೇಳಿದರು, ತಾವು ಹೋಗುವುದನ್ನು ಹೇಳಿದರು. "ನಮ್ಮ ಪಾಠದಾಗ ಎಲ್ಲೋ ತಪ್ಪು ಉಳೀತು" ಎಂದರು. ಮಕ್ಕಳು ಗೊಳೋ ಎಂದರು. ನಾನೂ ಬಾಗಿಲಿಗೆ ಒರಗಿ ಮೂಗೆಳೆಯುತ್ತಿದ್ದೆ. ಅಳದೆ ನಿಂತವಳು ಮೀರಾ ಒಬ್ಬಳೇ.

"ತಪ್ಪು ಎಲ್ಲದ ಅಂತ ಮೊದಲ ಹುಡುಕಬೇಕಲ್ರಿ ಅಕ್ಕೋರ? ನೀವೇ ಹೇಳೀರಿ, ಕಂಡಿದ್ದು ಹೇಳ್ರಿ ಅಂತ."

ಮೀರಾ ಕೌಸಲ್ಯಾಳ ಮುಂದೆ ಕುಳಿತಳು.

"ನಿಮ್ಮ ಮನ್ಯಾಗ ಎಷ್ಟು ಮಂದಿ?"

"ಹನ್ನೊಂದು."

"ಸೋಸಿದ್ದು ನೀ ಒಬ್ಬಾಕೀನೇ ಕುಡೀತಿದ್ದಿ?"

ಕೌಸಲ್ಯಾ ಅತ್ತಿತ್ತ ನೋಡಿದಳು. ನಂತರ ಒಂದು ವರ್ಷದ ಗುಟ್ಟು ಹೊರಗೆ ಬಂತು. ಅಜ್ಜಿ ಮತ್ತು ಮೊಮ್ಮಗಳು ಸೇರಿ, ಪಾಟೀಲರು ಹೊಲಕ್ಕೆ ಹೋದ ಹೊತ್ತಿನಲ್ಲಿ, ಮನೆಗೆ ಬಂದ ಪ್ರತಿ ಕೊಡವನ್ನೂ ಸೋಸಿ ಹಂಡೆಗೆ ಹಾಕುತ್ತಿದ್ದರು. ಹನ್ನೊಂದು ಮಂದಿಯೂ ಅದನ್ನೇ ಕುಡಿಯುತ್ತಿದ್ದರು. ಪಾಟೀಲರೂ.

"ಹನ್ನೊಂದು ಮಂದಿ ಒಂದೇ ಹಂಡೀದು ಕುಡದ್ರ ನಿನಗೊಬ್ಬಾಕೀಗೇ ಹ್ಯಾಂಗ ಬಂತು? ಹೋದ ಬ್ಯಾಸಗ್ಯಾಗ ನೀ ಬ್ಯಾರೆ ನೀರು ಎಲ್ಲಿ ಕುಡದಿ?"

"ಎಲ್ಲೂ ಇಲ್ಲ... ಮದುವಿಗಿ ಹೋದಾಗ ಕುಡದೀನಿ. ಭಾಲ್ಕಿ ಆಚಿ ಕಡಿ, ಎಂಟು ದಿನ ಇದ್ದೆ. ಬಟ್ಟಿ ಒಯ್ಯಲಿಕ್ಕ ಅಜ್ಜ ಬಿಡಲಿಲ್ಲ."

"ಯಾರ ಜೊತಿ ಹೋಗಿದ್ದಿ?"

"ಅಜ್ಜನ ಜೊತಿ. ಇಬ್ಬರೇ."

ಮೀರಾ ಬೆರಳು ಮಡಚಿ ತಿಂಗಳು ಎಣಿಸಿದಳು. ಲೆಕ್ಕ ಹನ್ನೆರಡಕ್ಕೆ ಬಂದು ನಿಂತಿತು. ಎದ್ದು ನಿಂತು ಅಕ್ಕೋರ ಕಡೆ ತಿರುಗಿದಳು.

"ಪಾಠ ಖರೇ ಇದ್ರ ಪಾಟೀಲರಿಗಿ ಬಿ ಈಗ ನಾರು ಬಂದಿರಬೇಕ್ರಿ. ಬಂದಿಲ್ಲಂದ್ರ ಪಾಠ ಸುಳ್ಳು."

ಪಾಟೀಲರು ನಾಲ್ಕು ದಿನದಿಂದ ಅಂಗಳದ ಹೊರಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೈಯಲ್ಲಿ ವಾತ ಎಂದು ಮನೆಯವರಿಗೂ ಹೇಳಿದ್ದರು. ಒಂಬತ್ತು ವರ್ಷದ ಹುಡುಗಿ, ಕಾಣದ ಕಾಲಿನ ಬಗ್ಗೆ, ಲೆಕ್ಕ ಹಾಕಿ ಹೇಳಿದ್ದಳು. ತರಬೇತಿ ಪಡೆದ ಮಾಸ್ತರನಾದ ನನಗೆ ಅದು ಹೊಳೆದಿರಲಿಲ್ಲ. ಅಕ್ಕೋರಿಗೂ ಹೊಳೆದಿರಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಎಲ್ಲರೂ ಹೊರಟೆವು. ಮುಂದೆ ರಾಜೀನಾಮೆ ಹಿಡಿದ ಅಕ್ಕೋರು, ಹಿಂದೆ ನಲವತ್ತಮೂರು ಮಕ್ಕಳು, ಕೊನೆಗೆ ಕೋಲೂರುತ್ತ ನಾನು. ಪಾಟೀಲರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು. ಏಪ್ರಿಲ್ ಬಿಸಿಲು ಸುಡುತ್ತಿತ್ತು, ಆದರೂ ಅವರ ಕಾಲಿನ ಮೇಲೆ ಕಂಬಳಿ ಇತ್ತು.

ಅಕ್ಕೋರು ಕಾಗದ ಕೊಟ್ಟರು. "ನಿಮ್ಮ ಕೌಸಲ್ಯಾಗ ನಾರು ಬಂದದರಿ. ಮಾತಿನಂಗ ತಂದೀನಿ."

ಪಾಟೀಲರು ತೆಗೆದುಕೊಂಡರು. ಅವರಿಗೆ ಸಂತೋಷವಾದಂತೆ ಕಾಣಲಿಲ್ಲ. ಆಗ ಹೊಸ್ತಿಲ ಆಚೆಯಿಂದ ಮೀರಾಳ ದನಿ ಬಂತು. ಅವಳ ಕೇರಿಯವರು ಆ ಅಂಗಳಕ್ಕೆ ಬರುವಂತಿರಲಿಲ್ಲ.

"ಪಾಟೀಲರ, ಜರಾ ನಿಮ್ಮ ಕಾಲು ತೋರಸ್ರಿ."

ಆ ಊರಿನಲ್ಲಿ ಪಾಟೀಲರಿಗೆ ಹಾಗೆ ಯಾರೂ ಹೇಳಿರಲಿಲ್ಲ.

"ಯಾಕ?" ಎಂದು ಅವರು ಗುಡುಗಿದರು.

ಉತ್ತರ ಕೊಟ್ಟವಳು ಕೌಸಲ್ಯಾ. "ಅಜ್ಜಾ, ನಮ್ಮ ಮನ್ಯಾಗ ಒಂದು ವರ್ಷದಿಂದ ಎಲ್ಲಾರೂ ಸೋಸಿದ್ದೇ ಕುಡೀಲಕತ್ತೀವಿ. ನೀ ಬಿ ಅದೇ ಕುಡದೀದಿ. ಹೊರಗಿನ ನೀರು ಕುಡದಿದ್ದು ಮದುವ್ಯಾಗ, ನಾನೂ ನೀನೂ ಇಬ್ಬರೇ. ನಿನಗ ಬಂದಿಲ್ಲಂದ್ರ ಅಕ್ಕೋರ ಪಾಠ ಸುಳ್ಳು, ಅವರು ಹೋಗ್ತಾರ. ಬಂದಿದ್ರ ಖರೇ."

ಪಾಟೀಲರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಮುದುಕಿ ಸೆರಗು ಎಳೆದುಕೊಂಡು, "ಹೌದು, ಕುಡಿಸೀವಿ. ಸತ್ತೀರೇನು?" ಎಂದಳು.

ಅವರು ಕಂಬಳಿ ತೆಗೆಯದೆ ಇರಬಹುದಿತ್ತು. ಪಾಟೀಲರ ಕಂಬಳಿ ಎಳೆಯುವ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ. ಕಾಗದ ಅವರ ಕೈಯಲ್ಲಿತ್ತು, ಸುಮ್ಮನಿದ್ದರೆ ಗೆದ್ದಂತೆ. ಅವರು ಕೌಸಲ್ಯಾಳ ಊದಿದ ಕಾಲನ್ನು ಬಹಳ ಹೊತ್ತು ನೋಡಿದರು. ನಂತರ ಕಂಬಳಿ ಸರಿಸಿದರು. ಬಲಗಾಲಿನ ಹರಡಿಗೆ ಬೇವಿನ ಸೊಪ್ಪು, ಅದರ ಮೇಲೆ ನಾರು ಸುತ್ತಿದ ಕಡ್ಡಿ.

"ಬಂದದ! ಪಾಟೀಲರಿಗಿ ನಾರು ಬಂದದ!" ಎಂದು ಮಕ್ಕಳು ಕುಣಿದರು. ಒಬ್ಬರ ಬೇನೆಗೆ ಇಷ್ಟು ಜನ ಹೀಗೆ ಸಂತೋಷಪಟ್ಟದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ನಾನೂ ಒಂಟಿಕಾಲಿನಲ್ಲಿ ಕುಣಿದೆ. ನನ್ನ ಜನ್ಮದಲ್ಲಿ ಅಂಥ ಸಂತೋಷ ನಾಲ್ಕೈದು ಸಲ ಬಂದಿದ್ದರೆ ಹೆಚ್ಚು.

ಅಕ್ಕೋರು ಮಾತ್ರ ಕುಣಿಯಲಿಲ್ಲ. ಹೊರಸಿನ ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಈ ಕಾಲು ತಗೊಂಡು ಬಾವಿಗಿ ಇಳದೀರೇನು?"

"ನಿನ್ನೆ ನಸುಕಿನ್ಯಾಗ... ಉರಿ ತಡೀಲಿಲ್ಲ ಅಕ್ಕೋರ."

"ಊರ ಮಂದಿ ಕುಡಿಯೂ ನೀರಿನ್ಯಾಗ? ಇನ್ನೊಮ್ಮಿ ಇಳದ್ರ ನೋಡ್ರಿ!"

"ಇಲ್ರಿ, ಇನ್ನ ಇಳಿಯೂದಿಲ್ರಿ" ಎಂದರು ಪಾಟೀಲರು, ಒಂದನೆಯ ಇಯತ್ತೆಯ ಹುಡುಗನ ಹಾಗೆ. ಅಕ್ಕೋರಿಗೆ ಆಗ ಅಳು ಬಂತು. ತಡೆದುಕೊಂಡಿದ್ದ ಒಂದು ವರ್ಷದ್ದೆಲ್ಲ ಬಂತು. ರಾಜೀನಾಮೆ ಆ ಗದ್ದಲದಲ್ಲಿ ಎಲ್ಲಿ ಹೋಯಿತೋ, ಯಾರೂ ಹುಡುಕಲಿಲ್ಲ. ಅಕ್ಕೋರು ಅದೇ ವರ್ಷ ಕಾಯಂ ಆದರು. ಆ ಊರಿನಲ್ಲಿ ಒಂಬತ್ತು ವರ್ಷ, ಆಮೇಲೆ ಭಾಲ್ಕಿಯಲ್ಲಿ, ಕೊನೆಗೆ ಬೀದರಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದರು.

ಮಳೆ ಬೀಳುವ ಮೊದಲೇ ಪಾಟೀಲರು ಬಾವಿಯ ಮೆಟ್ಟಿಲ ದಾರಿಗೆ ಕಲ್ಲುಗೋಡೆ ಕಟ್ಟಿಸಿ ಮುಚ್ಚಿಸಿದರು. ಮೇಲೆ ಕಟ್ಟೆ ಮಾಡಿ ರಾಟೆ ಕೂಡಿಸಿದರು. ಅದನ್ನು ಕೂಡಿಸಿದ ದಿನ ಊರೆಲ್ಲ ಸೇರಿತ್ತು. ಪಾಟೀಲರು ತಾವೇ ಮೊದಲ ಕೊಡ ಸೇದಿ ಎಲ್ಲರಿಗೂ ತೋರಿಸಿದರು. ಮೀರಾ ಆಚೆ ಕೇರಿಯವರ ಜೊತೆ ದೂರದಲ್ಲಿ ನಿಂತಿದ್ದಳು. ಅವಳ ಅವ್ವನ ಕೊಡ ಎಂದಿನಂತೆ ನೆಲದ ಮೇಲೆ ಕಾಯುತ್ತಿತ್ತು.

"ಪಾಟೀಲರ, ಒಂದು ಕೇಳ್ಲೇನ್ರಿ?" ಎಂದಳು ಮೀರಾ. "ನಾವು ಇಳದ್ರ ನೀರು ಕೆಡ್ತದಂತ ಬಿಡ್ತಿರಲಿಲ್ಲ. ಈಗ ಯಾರೂ ಇಳಿಯೂದಿಲ್ಲ. ಇನ್ನ ನಮ್ಮವ್ವ ಯಾಕ ಸೇದಬಾರದು?"

ಪಾಟೀಲರು ಅಕ್ಕೋರ ಕಡೆ ನೋಡಿದರು.

"ಇದು ಬಿ ನಿಮ್ಮ ಪುಸ್ತಕದಾಗ ಅದ ಏನ್ರಿ?"

"ಇಲ್ರಿ. ಆಕೀನೇ ಕೇಳ್ಯಾಳ. ಜವಾಬು ನೀವೇ ಕೊಡಬೇಕು."

ಗುಂಪಿನಲ್ಲಿ ಒಬ್ಬಿಬ್ಬರು ಗೊಣಗಿದರು. ಪಾಟೀಲರು ಅವರ ಕಡೆ ನೋಡಲಿಲ್ಲ. ತಮ್ಮ ಬಲಗಾಲಿನ ಗಾಯದ ಕಲೆಯನ್ನು ನೋಡಿಕೊಂಡರು.

"ನೀರು ಕೆಡಿಸಿದ ಕಾಲು ನಂದೇ ಅದ" ಎಂದು, ಹಗ್ಗ ಬಿಟ್ಟು ಕಟ್ಟೆಯಿಂದ ಕೆಳಗಿಳಿದು ನಿಂತರು.

ಮೀರಾಳ ಅವ್ವ ಹೆದರಿ ಹೆದರಿ ಮುಂದೆ ಬಂದಳು. ಅಕ್ಕೋರು ಅವಳ ಬೆನ್ನ ಮೇಲೆ ಕೈಯಿಟ್ಟರು. ಅವಳು ಹಗ್ಗ ಹಿಡಿದು ಸೇದಿದಳು, ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸಿ ತುಂಬಿಸಿದಳು, ತಲೆಯ ಮೇಲೆ ಹೊತ್ತು ಎಲ್ಲರ ನಡುವಿನಿಂದ ಮನೆಗೆ ಹೋದಳು.